ಕೆನಡಾಕ್ಕೆ ಕಳಿಸಿದ ನಕ್ಷೆ

ಕೆನಡಾದ ವಿಶ್ವವಿದ್ಯಾಲಯದಿಂದ ಬಂದ ಉತ್ತರ ಚಿಕ್ಕದಾಗಿತ್ತು. ಅಂಕಪಟ್ಟಿ ನೋಡಿದ್ದೇವೆ, ತೃಪ್ತಿಯಾಗಿದೆ. ಆದರೆ ಸಂಶೋಧನೆಗೆ ಸೇರಿಸಿಕೊಂಡು ವಿದ್ಯಾರ್ಥಿವೇತನ ಕೊಡಬೇಕಾದರೆ ನೀವೇ ನಡೆದು, ನೀವೇ ಅಳೆದು ತಯಾರಿಸಿದ ಒಂದು ಭೂವೈಜ್ಞಾನಿಕ ನಕ್ಷೆ ಬೇಕು. ಜೊತೆಗೆ ಅದನ್ನು ವಿವರಿಸುವ ಟಿಪ್ಪಣಿ, ನಿಮ್ಮ ಮಾರ್ಗದರ್ಶಕರ ಶಿಫಾರಸು. ಎಲ್ಲವೂ ಫೆಬ್ರವರಿ ಮುಗಿಯುವುದರೊಳಗೆ ತಲುಪಬೇಕು.

ಅದು ಎಪ್ಪತ್ತರ ದಶಕದ ನಡುವಿನ ಮಾತು. ನಾನು ಬೆಂಗಳೂರಿನಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ತರಗತಿಯಲ್ಲಿ ಹುಡುಗಿ ನಾನೊಬ್ಬಳೇ. ಪತ್ರ ಹಿಡಿದುಕೊಂಡು ನನ್ನ ಮಾರ್ಗದರ್ಶಕರ ಕೋಣೆಗೆ ಹೋದೆ. ಅವರಿಗೆ ಆಗ ಐವತ್ತರ ಆಸುಪಾಸು. ಚಿತ್ರದುರ್ಗ ಜಿಲ್ಲೆಯ ಶಿಲೆಗಳ ಮೇಲೆ ಅವರಷ್ಟು ಕೆಲಸ ಮಾಡಿದವರು ನಮ್ಮ ವಿಭಾಗದಲ್ಲಿ ಇನ್ನೊಬ್ಬರಿರಲಿಲ್ಲ. ಪತ್ರ ಓದಿ, ಕನ್ನಡಕ ತೆಗೆದು, "ನಿಮ್ಮೂರ ಕಡೆಯೇ ಮಾಡು" ಎಂದರು. "ಹಿರಿಯೂರಿನಿಂದ ಹೊಳಲ್ಕೆರೆ ಕಡೆಗೆ ಒಂದು ಪಟ್ಟಿ ಹಿಡಿದುಕೊಂಡು ನಡೆ. ಪಟ್ಟಿ ಕಿರಿದಾಗಿದ್ರೂ ಪರವಾಗಿಲ್ಲ, ದಾರೀಲಿ ಸಿಕ್ಕ ಒಂದು ಬಂಡೆಯನ್ನೂ ಬಿಡಬೇಡ."

ಆ ಪಟ್ಟಿಯ ಶಿಲೆಗಳ ವಿಷಯವನ್ನು ಇಲ್ಲಿ ಸ್ವಲ್ಪ ಹೇಳಲೇಬೇಕು. ಬಹಳ ಬಹಳ ಹಿಂದೆ ಸಮುದ್ರದ ತಳದಲ್ಲಿ ಲಾವಾ ಉಕ್ಕಿ, ನೀರು ತಾಗಿದ ಕೂಡಲೇ ಹೆಪ್ಪುಗಟ್ಟಿ, ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ ಕಲ್ಲಾಗಿದೆ. ಅದಕ್ಕೆ ದಿಂಬು ಲಾವಾ ಎನ್ನುತ್ತೇವೆ. ಅದರ ಪಶ್ಚಿಮಕ್ಕೆ, ಹೊಳೆ ಉರುಳಿಸಿ ತಂದ ಗುಂಡುಕಲ್ಲುಗಳು ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾದ ಉಂಡೆಗಲ್ಲಿನ ಶಿಲೆ ಇದೆ. ಆಮೇಲೆ ಭೂಮಿಯ ಒತ್ತಡಕ್ಕೆ ಈ ಪದರಗಳೆಲ್ಲ ಮಗುಚಿಕೊಂಡು, ಮಲಗಿದ್ದವು ಎದ್ದು ನೆಟ್ಟಗೆ ನಿಂತುಬಿಟ್ಟಿವೆ. ಹಾಗಾಗಿ ಮೊದಲು ಯಾವುದು ಕೆಳಗಿತ್ತು, ಯಾವುದು ಮೇಲಿತ್ತು ಎಂಬುದು ನೋಡಿದ ಮಾತ್ರಕ್ಕೆ ತಿಳಿಯುವುದಿಲ್ಲ. ಉಂಡೆಗಲ್ಲೇ ಹಳೆಯದು, ಲಾವಾ ಅದರ ಮೇಲೆ ಹರಿದು ಬಂದದ್ದು ಎಂಬುದು ನಮ್ಮ ಗುರುಗಳ ಸಿದ್ಧಾಂತ. ಹೊರಗಿನವರಿಗೆ ಅವರ ಹೆಸರು ಗೊತ್ತಾಗಿದ್ದೇ ಆ ಪ್ರಬಂಧದಿಂದ. ನಾನೂ ಪರೀಕ್ಷೆಯಲ್ಲಿ ಅದನ್ನೇ ಬರೆದು ಒಳ್ಳೆಯ ಅಂಕ ತೆಗೆದಿದ್ದೆ.

ನಮ್ಮದು ಹೊಸದುರ್ಗ ತಾಲ್ಲೂಕು, ಶ್ರೀರಾಂಪುರದ ಪಕ್ಕದ ಹಳ್ಳಿ. ಕುರಿ ಸಾಕಿಕೊಂಡು ಬೇಸಾಯ ಮಾಡಿಕೊಂಡು ಬಂದ ಮನೆತನ. ಅಪ್ಪ ನನ್ನ ಓದಿಗೆ ಯಾವತ್ತೂ ಅಡ್ಡ ಬಂದವನಲ್ಲ. ಆದರೆ ಸುತ್ತಿಗೆ ಹಿಡಿದು ಗುಡ್ಡ ಸುತ್ತುತ್ತೇನೆ ಎಂದಾಗ ಒಂದು ಮಾತು ಹೇಳಿದ: "ಒಬ್ಬಳೇ ಹೋಗೋದು ಬ್ಯಾಡ. ಆದಿವಾಲದ ನಿಮ್ ದೊಡ್ಡಮ್ಮ ಜೊತೆಗೆ ಬತ್ತೀನಿ ಅಂದ್ರೆ ಹೋಗು."

ದೊಡ್ಡಮ್ಮ ಎಂದರೆ ನನ್ನ ಅವ್ವನ ಅಕ್ಕ. ಜೀವಮಾನವೆಲ್ಲ ಕುರಿಯ ಹಿಂದೆ ನಡೆದವಳು. ಈಗ ಮಕ್ಕಳೇ ಮಂದೆ ನೋಡಿಕೊಳ್ಳುತ್ತಿದ್ದರು. ನಾನು ಹಿರಿಯೂರಿನ ಹತ್ತಿರದ ಆದಿವಾಲಕ್ಕೆ ಹೋಗಿ ವಿಷಯ ಹೇಳುತ್ತಿದ್ದ ಹಾಗೆಯೇ ಗೂಟದಲ್ಲಿದ್ದ ಕಂಬಳಿ ಇಳಿಸಿದಳು. "ಮನೇಲಿ ಕುಂತು ಕುಂತು ಮಂಡಿ ಹಿಡ್ಕಂಡೈತೆ. ನಡಿ, ಹೋಗಾಣ" ಎಂದಳು. ಎಲ್ಲಿಗೆ, ಯಾಕೆ ಎಂದು ಕೇಳಿದ್ದು ಮಾರನೆಯ ದಿನ ಬಸ್ಸಿನಲ್ಲಿ ಕೂತ ಮೇಲೆ.

ದೀಪಾವಳಿ ಕಳೆದ ಕೂಡಲೇ ಕೆಲಸ ಶುರುವಾಯಿತು. ಕೆಲಸದ ಕ್ರಮ ಹೀಗಿತ್ತು. ದಿಕ್ಸೂಚಿಯಲ್ಲಿ ದಿಕ್ಕು ಹಿಡಿದು, ಹೆಜ್ಜೆ ಎಣಿಸುತ್ತ ಮುಂದೆ ಹೋಗಬೇಕು. ಶಿಲೆ ಕಂಡಲ್ಲಿ ನಿಂತು, ಅದರ ಪದರ ಯಾವ ದಿಕ್ಕಿಗೆ ಓಡಿದೆ, ಎಷ್ಟು ವಾಲಿದೆ ಎಂದು ಅಳೆಯಬೇಕು. ಹಳೆಯ ಮುಖ ಬಿಸಿಲಿಗೆ ಮಾಸಿರುವುದರಿಂದ ಸುತ್ತಿಗೆಯಿಂದ ಒಂದು ಚಕ್ಕೆ ಒಡೆದು, ಹೊಸ ಮುಖವನ್ನು ಲೆನ್ಸಿನಲ್ಲಿ ನೋಡಬೇಕು. ಚಕ್ಕೆಗೆ ನಂಬರು ಬರೆದು ಬಟ್ಟೆಯ ಚೀಲಕ್ಕೆ ಹಾಕಬೇಕು. ಎಲ್ಲವನ್ನೂ ಸ್ಥಳದಲ್ಲೇ ಬರೆದುಕೊಳ್ಳಬೇಕು. ಸಂಜೆ ನೆನಪಿನಿಂದ ಬರೆದರೆ ಅದು ಲೆಕ್ಕಕ್ಕಿಲ್ಲ.

ಮೊದಲ ದಿನಗಳಲ್ಲಿ ನನ್ನ ದೊಡ್ಡ ತೊಂದರೆ ದೊಡ್ಡಮ್ಮನೇ. ನಾನು ಹೆಜ್ಜೆ ಎಣಿಸುತ್ತಿರುವಾಗ ಅವಳಿಗೆ ಯಾರದೋ ಮದುವೆಯ ವಿಷಯ ನೆನಪಾಗುತ್ತಿತ್ತು. ಲೆಕ್ಕ ತಪ್ಪಿ ನಾನು ಮತ್ತೆ ಮೊದಲಿಗೆ ಹೋಗುತ್ತಿದ್ದೆ. ಕೊನೆಗೆ, ನಾನು ನಿಂತಾಗ ಮಾತ್ರ ಮಾತು ಎಂದು ಕರಾರು ಮಾಡಿಕೊಂಡೆವು. ಆಮೇಲೆ ನಾನು ನಿಂತೆ ಎಂದರೆ ಸಾಕು, ತಡೆದಿಟ್ಟುಕೊಂಡದ್ದೆಲ್ಲ ಒಟ್ಟಿಗೆ ಬರುತ್ತಿತ್ತು.

ಹಿರಿಯೂರಿನಿಂದ ಪಶ್ಚಿಮಕ್ಕೆ, ಮಾರಿಕಣಿವೆ ಅಣೆಕಟ್ಟಿನ ಉತ್ತರದ ಗುಡ್ಡಗಳಲ್ಲಿ ದಿಂಬು ಲಾವಾ ಸಿಕ್ಕಿತು. ಪುಸ್ತಕದ ಚಿತ್ರಕ್ಕಿಂತ ಚೆನ್ನಾಗಿತ್ತು. ದಿಂಬನ್ನು ಓದುವ ವಿಧಾನ ಸರಳ. ಪ್ರತಿ ದಿಂಬಿನ ಬೆನ್ನು ಗುಂಡಗಿರುತ್ತದೆ. ಅಡಿಯಲ್ಲಿ ಒಂದು ಚೂಪು ಬಾಲವಿರುತ್ತದೆ. ಮೆತ್ತಗಿದ್ದಾಗ ಕೆಳಗಿನ ಎರಡು ದಿಂಬುಗಳ ಸಂದಿಗೆ ಇಳಿದು ಆದ ಬಾಲ ಅದು. ಶಿಲೆ ಈಗ ಹೇಗೇ ನಿಂತಿರಲಿ, ಬೆನ್ನು ಯಾವ ಕಡೆಗಿದೆಯೋ ಆ ಕಡೆ ಒಂದು ಕಾಲಕ್ಕೆ ಮೇಲಾಗಿತ್ತು. ಗುರುಗಳ ಪ್ರಕಾರ ಉಂಡೆಗಲ್ಲು ಪಶ್ಚಿಮಕ್ಕಿದ್ದು ಅದೇ ಕೆಳಗಿನದಾದರೆ, ದಿಂಬುಗಳ ಬೆನ್ನು ಪೂರ್ವಕ್ಕಿರಬೇಕು.

ಬೆನ್ನುಗಳೆಲ್ಲ ಪಶ್ಚಿಮಕ್ಕಿದ್ದವು.

ನಾನೇ ತಪ್ಪು ಓದಿದ್ದೇನೆ ಎಂದುಕೊಂಡೆ. ದಿಂಬುಗಳು ಒತ್ತಡಕ್ಕೆ ಚಪ್ಪಟೆಯಾಗಿರುತ್ತವೆ, ಬಾಲವೂ ಬೆನ್ನೂ ಗುರುತು ಸಿಗದ ಹಾಗೆ ಆಗಿರುತ್ತವೆ. ಮುಂದಿನ ಗುಡ್ಡಕ್ಕೆ ಹೋದೆ. ಅಲ್ಲೂ ಹಾಗೆಯೇ. ನಕ್ಷೆಯಲ್ಲಿ ಬೆನ್ನಿನ ದಿಕ್ಕಿಗೆ ಬಾಣದ ಗುರುತು ಹಾಕಿ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ವಾರ ಕಳೆಯುವುದರೊಳಗೆ ನಕ್ಷೆಯ ತುಂಬ ಪ್ರಶ್ನಾರ್ಥಕ ಚಿಹ್ನೆಗಳೇ ಆದವು. ಲಾವಾ ಮತ್ತು ಉಂಡೆಗಲ್ಲು ಒಂದನ್ನೊಂದು ಮುಟ್ಟುವ ಗಡಿಯನ್ನು ಕಣ್ಣಾರೆ ನೋಡದೆ ಏನೂ ಹೇಳುವ ಹಾಗಿರಲಿಲ್ಲ. ಆ ಗಡಿ ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರದ ಸುತ್ತಮುತ್ತ ಎಲ್ಲೋ ಹಾದುಹೋಗಿರಬೇಕಿತ್ತು.

ನಾವಿಬ್ಬರೂ ಹೊರಕೆರೆದೇವಪುರಕ್ಕೆ ಹೋಗಿ ದೇವಸ್ಥಾನದ ಛತ್ರದಲ್ಲಿ ಇಳಿದುಕೊಂಡೆವು. ಊರಿನಿಂದ ಒಂದಷ್ಟು ದೂರದ ಹಳ್ಳಿಯೊಂದರ ಪಕ್ಕದಲ್ಲಿ ಒಂದು ಬೋಳು ದಿಣ್ಣೆ. ಅದರ ನೆತ್ತಿಯಲ್ಲಿ ದೊಡ್ಡ ಬಂಡೆ. ದೂರದಿಂದಲೇ ಅದರ ಅರ್ಧ ಕಪ್ಪು, ಅರ್ಧ ಚುಕ್ಕೆಚುಕ್ಕೆಯಾಗಿ ಕಾಣುತ್ತಿತ್ತು. ಗಡಿ ಆ ಬಂಡೆಯಲ್ಲೇ ಇತ್ತು. ನಾನು ಹತ್ತಿ ಹೋಗಿ ಚೀಲದಿಂದ ಸುತ್ತಿಗೆ ತೆಗೆಯುವಷ್ಟರಲ್ಲಿ ಕೆಳಗಿನ ಹೊಲದಲ್ಲಿ ರಾಗಿ ಕೊಯ್ಯುತ್ತಿದ್ದವರು ಕುಡುಗೋಲು ಕೈಯಲ್ಲಿ ಹಿಡಿದುಕೊಂಡೇ ಮೇಲೆ ಬಂದರು. ಮುಂದೆ ಇದ್ದವರು ಬಿಳಿ ಮೀಸೆಯ ಒಬ್ಬ ಹಿರಿಯರು.

"ಯಾರವ್ವಾ ನೀನು? ಯಾವ ಆಫೀಸಿಂದ ಬಂದಿದೀಯಾ?"

ಆಫೀಸಿನಿಂದಲ್ಲ, ಓದುವವಳು ಎಂದೆ. ಅವರು ನನ್ನ ದಿಕ್ಸೂಚಿಯನ್ನು ನೋಡಿದರು, ನಕ್ಷೆಯ ಹಾಳೆಯನ್ನು ನೋಡಿದರು.

"ಹೋದ್ ವರ್ಸಾನೂ ಒಬ್ರು ಹಿಂಗೇ ಪಟ ಹಿಡ್ಕಂಡು ಬಂದಿದ್ರು. ಆಮೇಲೆ ಆ ಕಡೆ ಗುಡ್ಡಕ್ಕೆ ಗಣಿ ಮಾಡಾಕೆ ಗುರುತು ಕಲ್ಲು ನೆಟ್ರು. ಈಗ ನಮ್ ಗುಡ್ಡಾನೂ ಬರ್ಕಂಡು ಹೋಗಾಕೆ ಬಂದಿದೀಯೇನು?"

ನಾನು ವಿದ್ಯಾಭ್ಯಾಸ, ವಿದೇಶ, ಅರ್ಜಿ ಎಂದು ಏನೇನೋ ಹೇಳಿದೆ. ಹೇಳಿದಷ್ಟೂ ಅನುಮಾನ ಹೆಚ್ಚಿತು. ದೂರದ ದೇಶದವರಿಗೆ ನಮ್ಮ ಗುಡ್ಡದ ಪಟ ಯಾಕೆ ಬೇಕು ಎಂದು ಒಬ್ಬಾಕೆ ಕೇಳಿದಳು. ಕೇಳಬೇಕಾದ ಪ್ರಶ್ನೆಯೇ ಅದು. ಅಷ್ಟರಲ್ಲಿ ದೊಡ್ಡಮ್ಮ ಏದುಸಿರು ಬಿಡುತ್ತ ಹತ್ತಿ ಬಂದು, ಯಾರೂ ಕರೆಯದಿದ್ದರೂ ನೆಲದ ಮೇಲೆ ಕೂತಳು.

"ಎಲ್ರೂ ಕುಂತ್ಕಳ್ರಿ, ನಿಂತ್ಕಂಡು ಮಾತಾಡಿದ್ರೆ ಜಗಳ ಆಡಿದಂಗೆ ಕಾಣ್ತೈತೆ" ಎಂದಳು. "ಇವ್ಳು ನನ್ ತಂಗಿ ಮಗಳು. ಆದಿವಾಲದಿಂದ ಹಿಡ್ದು ಇಲ್ಲೀಗಂಟ ಎಲ್ಲಾ ಗುಡ್ಡಾನೂ ಬರ್ಕಂಡವಳೆ, ನಾವು ಕುರಿ ಮೇಯಿಸೋ ಗುಡ್ಡಾನೂ ಬಿಟ್ಟಿಲ್ಲ. ಕೆಟ್ಟದಾಗಂಗಿದ್ರೆ ನಾನ್ ಬಿಡ್ತಿದ್ನಾ? ನಮ್ ಕುರಿ ಎಲ್ಲಿ ಹೋಗ್ಬೇಕು?"

ಹಿರಿಯರು ಕೂತರು. ಯಾವ ಊರು, ಯಾರ ಪೈಕಿ ಎಂಬ ವಿಚಾರಣೆ ನಡೆಯಿತು. ಅವರ ಸೊಸೆಯ ತವರು ಹಿರಿಯೂರಿನ ಕಡೆಯದೇ ಎಂದು ತಿಳಿದ ಮೇಲೆ ಎಲ್ಲರ ಮುಖವೂ ಸಡಿಲವಾಯಿತು. ಕೊನೆಗೆ ಅವರು ನನ್ನ ಕಡೆ ತಿರುಗಿ ಹೇಳಿದರು: "ಎಲ್ಲಾ ಕಡೆ ನೋಡವ್ವ, ಬ್ಯಾಡ ಅನ್ನಲ್ಲ. ಆದ್ರೆ ಈ ಬಂಡೆ ಮ್ಯಾಲೆ ಸುತ್ತಿಗೆ ಹಾಕಂಗಿಲ್ಲ. ಇದು ನಮ್ಮಮ್ಮನ ಕಲ್ಲು."

ಬಂಡೆಯ ಇನ್ನೊಂದು ಮಗ್ಗುಲಿಗೆ ಸುತ್ತಿ ಹೋಗಿ ನೋಡಿದಾಗ ಕುಂಕುಮ ಕಂಡಿತು. ಗಡಿ ಇದ್ದ ಜಾಗಕ್ಕೆ ಸರಿಯಾಗಿ ಬಂಡೆಯ ಸುತ್ತಲೂ ಸುಣ್ಣದ ಪಟ್ಟೆ ಎಳೆದಿದ್ದರು. ಸುಣ್ಣದ ಮೇಲೆ ಸುಣ್ಣ, ತಲೆಮಾರುಗಳ ಸುಣ್ಣ. ಗಡಿಯಲ್ಲಿ ಶಿಲೆಯ ಒಂದು ಕಣವೂ ಕಾಣುವ ಹಾಗಿರಲಿಲ್ಲ. ಕೈಮುಗಿದು ಇಳಿದು ಬಂದೆ. ಅಷ್ಟು ದಿನ ನಡೆದು ಹುಡುಕಿದ ಜಾಗ ಸಿಕ್ಕಿಯೂ ಸಿಗದ ಹಾಗಾಗಿತ್ತು.

ಬೇರೆ ದಾರಿ ಒಂದೇ. ಗಡಿ ಒಂದು ಗೆರೆಯ ಹಾಗೆ ಉತ್ತರ ದಕ್ಷಿಣವಾಗಿ ಓಡಿರುತ್ತದೆ; ಮಣ್ಣು ಮುಚ್ಚಿದ್ದರೂ ಅದೇ ದಿಕ್ಕಿನಲ್ಲಿ ಹೋದರೆ ಎಲ್ಲಾದರೂ ಮತ್ತೆ ಹೊರಗೆ ಬರಲೇಬೇಕು. ಹೊಲಗಳಲ್ಲಿ, ತಂಗಡಿ ಗಿಡಗಳ ನಡುವೆ, ಬದುಗಳ ಮೇಲೆ ಉತ್ತರಕ್ಕೆ ನಡೆದೆವು. ಎರಡು ದಿನ ಕಪ್ಪು ಮಣ್ಣು ಬಿಟ್ಟರೆ ಏನೂ ಸಿಗಲಿಲ್ಲ. ಮೂರನೆಯ ದಿನ ಒಂದು ಒಣ ಹಳ್ಳ ಅಡ್ಡ ಬಂತು. ಮಳೆಗಾಲದ ನೀರು ತಳದ ಮಣ್ಣನ್ನೆಲ್ಲ ಕೊಚ್ಚಿಕೊಂಡು ಹೋಗಿ, ಶಿಲೆ ತೊಳೆದಿಟ್ಟ ಹಾಗೆ ಹಾಸಿಕೊಂಡಿತ್ತು.

ಉಂಡೆಗಲ್ಲಿನ ಶಿಲೆ. ಬಿಳಿ ಬೆಣಚಿನ ಉಂಡೆಗಳು, ನಸುಗೆಂಪು ಗ್ರಾನೈಟಿನ ಉಂಡೆಗಳು. ಅವುಗಳ ನಡುವೆ ಮುಷ್ಟಿಗಾತ್ರದ ಒಂದು ಕಡುಹಸಿರು ಉಂಡೆ. ಮಂಡಿಯೂರಿ ಲೆನ್ಸ್ ಹಿಡಿದೆ. ಅದರ ಮೈಮೇಲೆ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆಗಳು. ಲಾವಾ ತಣ್ಣಗಾಗುವಾಗ ಸಿಕ್ಕಿಕೊಂಡ ಗುಳ್ಳೆಗಳು ಆಮೇಲೆ ಖನಿಜ ತುಂಬಿ ಹಾಗೆ ಆಗುತ್ತವೆ.

ನಾನು ಅಲ್ಲಾಡದೆ ಕೂತದ್ದನ್ನು ನೋಡಿ ದೊಡ್ಡಮ್ಮ ದಡದ ಮೇಲಿನಿಂದಲೇ ಕೇಳಿದಳು: "ಏನಾತು ಮಗಾ? ಹಾವೇನು?"

"ಅಲ್ಲ ದೊಡ್ಡಮ್ಮ. ಕಲ್ಲು."

"ಕಲ್ಲಿಗೆ ಹಿಂಗ್ ಹೆದರ್ಕಂತೀಯಾ?"

ಹೆದರಿಕೆಯೇ ಆಗಿತ್ತು. ಉಂಡೆಗಲ್ಲಿನ ಒಳಗೆ ಲಾವಾದ ಉಂಡೆ ಇದೆ ಎಂದರೆ, ಉಂಡೆಗಲ್ಲು ಆಗುವ ಹೊತ್ತಿಗೆ ಲಾವಾ ಆಗಲೇ ಇತ್ತು, ಒಡೆದಿತ್ತು, ಹೊಳೆಯಲ್ಲಿ ಉರುಳಿತ್ತು. ಲಾವಾವೇ ಹಳೆಯದು. ನನ್ನ ಬಾಣಗಳ ಪಕ್ಕದ ಪ್ರಶ್ನಾರ್ಥಕ ಚಿಹ್ನೆಗಳನ್ನು ಈಗ ಅಳಿಸಬಹುದಿತ್ತು. ಆದರೆ ಅಳಿಸಿದರೆ, ನನಗೆ ಶಿಫಾರಸು ಬರೆಯಬೇಕಾದವರ ಜೀವಮಾನದ ಪ್ರಬಂಧಕ್ಕೇ ಎದುರಾಗಿ ನಿಲ್ಲುತ್ತಿದ್ದೆ. ನನಗೆ ಲೆನ್ಸ್ ಹಿಡಿಯುವುದನ್ನು ಕಲಿಸಿದವರು ಅವರು. ಹುಡುಗಿಯರಿಗೆ ಕ್ಷೇತ್ರಕಾರ್ಯ ಯಾಕೆ ಎಂದು ವಿಭಾಗದಲ್ಲಿ ಮಾತು ಬಂದಾಗ, ನನ್ನ ಪರವಾಗಿ ನಿಂತವರೂ ಅವರೇ.

ಬೆಂಗಳೂರಿಗೆ ಹಿಂತಿರುಗಿ, ಒಡೆದು ತಂದಿದ್ದ ಆ ಉಂಡೆಯ ಅರ್ಧದಿಂದ ಸ್ಲೈಡ್ ಮಾಡಲು ಕೂತೆ. ಕಲ್ಲಿನ ಚೂರನ್ನು ಗಾಜಿಗೆ ಅಂಟಿಸಿ, ಅದರ ಮೂಲಕ ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಬೇಕು. ಕಾರ್ಬೊರಂಡಮ್ ಎಂಬ ಉಜ್ಜುವ ಪುಡಿಗೆ ನೀರು ಬೆರೆಸಿ, ಗಾಜಿನ ಹಲಗೆಯ ಮೇಲೆ ಕೈಯಿಂದಲೇ ಸುತ್ತುಸುತ್ತಾಗಿ ಉಜ್ಜುವುದು. ಒರಟು ಪುಡಿ, ಆಮೇಲೆ ನಯವಾದದ್ದು, ಆಮೇಲೆ ಹಿಟ್ಟಿನಂಥದ್ದು. ಕೊನೆಯ ಹಂತದಲ್ಲಿ ಒಂದು ಕ್ಷಣ ಹೆಚ್ಚಾದರೂ ಕಲ್ಲು ಗಾಜಿನ ಮೇಲಿಂದ ಮಾಯವಾಗುತ್ತದೆ. ಮೊದಲನೆಯದು ಹಾಗೇ ಮಾಯವಾಯಿತು. ಇಡೀ ದಿನದ ಕೆಲಸ ತೊಳೆದ ನೀರಿನ ಜೊತೆ ಹೋಯಿತು. ಎರಡನೆಯದು ಉಳಿಯಿತು. ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಸೂಜಿಗಳನ್ನು ಚೆಲ್ಲಿದ ಹಾಗೆ ಹರಳುಗಳು ಕಂಡವು. ಅದು ಲಾವಾ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ.

ಅದೇ ವಾರ ಇನ್ನೊಂದು ತೊಡಕು. ನಾನು ಗುರುತು ಮಾಡಿಕೊಂಡಿದ್ದು ಸರ್ಕಾರಿ ಸರ್ವೆಯ ನಕ್ಷೆಯ ಹಾಳೆಯ ಮೇಲೆ. ವಿಭಾಗದ ಗುಮಾಸ್ತರು ಅದನ್ನು ನೋಡಿ, "ಇದನ್ನ ಹೊರದೇಶಕ್ಕೆ ಕಳಿಸೋ ಹಾಗಿಲ್ಲಮ್ಮ. ಇದರ ಮೇಲಿಟ್ಟು ತೆಗೆದ ನಕಲೂ ಕಳಿಸೋ ಹಾಗಿಲ್ಲ" ಎಂದರು. ನನಗೆ ಅದು ಗೊತ್ತೇ ಇರಲಿಲ್ಲ. ಖಾಲಿ ಹಾಳೆಯ ಮೇಲೆ, ನನ್ನ ಹೆಜ್ಜೆ ಮತ್ತು ದಿಕ್ಸೂಚಿಯ ಲೆಕ್ಕವನ್ನಷ್ಟೇ ಹಿಡಿದು, ಮೊದಲಿನಿಂದ ಇಡೀ ನಕ್ಷೆ ಬರೆಯಬೇಕಾಯಿತು.

ಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದ ಹಿರಿಯ ಸಂಶೋಧನಾ ವಿದ್ಯಾರ್ಥಿಯೊಬ್ಬರಿಗೆ ಹಸಿರು ಉಂಡೆಯ ವಿಷಯ ಗೊತ್ತಿತ್ತು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಹೇಗೂ ಹೊಸದಾಗಿ ಬರೀತಿದ್ದೀರಿ. ಪಶ್ಚಿಮದ ಅಂಚನ್ನ ಮಾರಿಕಣಿವೆ ಗುಡ್ಡಗಳಿಗೇ ನಿಲ್ಲಿಸಿ, ಬಾಣಗಳ ಪಕ್ಕದ ಪ್ರಶ್ನಾರ್ಥಕ ಚಿಹ್ನೆಗಳನ್ನ ಹಾಗೇ ಬಿಡಿ. ಅರ್ಜಿಗೆ ಅಷ್ಟು ನಕ್ಷೆ ಸಾಕು. ಶಿಫಾರಸು ಸಿಗುತ್ತೆ, ಹೋಗಿ ಸೇರಿಕೊಳ್ಳಿ. ಮಿಕ್ಕಿದ್ದು ಅಲ್ಲಿ ಕೂತು ಬರೆಯಬಹುದು."

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಎಲ್ಲಿಗೆ ನಿಲ್ಲಿಸಬೇಕು ಎಂಬುದು ನಕ್ಷೆ ಬರೆಯುವವರ ಇಷ್ಟ. ಸಂಕ್ರಾಂತಿಗೆ ಊರಿಗೆ ಹೊರಟಾಗ ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತಿದ್ದೆ. ದಾರಿಯಲ್ಲಿ ಆದಿವಾಲದಲ್ಲಿ ಇಳಿದೆ. ದೊಡ್ಡಮ್ಮ ಸಜ್ಜೆ ರೊಟ್ಟಿ ತಟ್ಟುತ್ತಿದ್ದಳು. ಎಳ್ಳು ಬೆಲ್ಲ ಕೊಟ್ಟು, ಒಲೆಯ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಕಲ್ಲಿನ ವಿಷಯ ಅವಳಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಜನರ ವಿಷಯ ತಿಳಿಯಿತು.

"ನಿಮ್ ಮೇಷ್ಟ್ರು ಆ ಹಳ್ಳ ನೋಡವ್ರಾ?"

"ಇಲ್ಲ. ಆ ಕಡೆ ಬೇರೆ ಜಾಗ ನೋಡವ್ರೆ, ಇದನ್ನ ನೋಡಿಲ್ಲ."

"ತೋರ್ಸಿದೀಯಾ?"

"ಇನ್ನೂ ಇಲ್ಲ. ಸಿಟ್ಟಾಗ್ತಾರೆ."

"ಸಿಟ್ಟಾಗ್ತಾರೆ ಅಂತ ಅವ್ರು ಹೇಳಿದ್ರಾ, ನೀನೇ ಹೇಳ್ತಿದೀಯಾ?" ರೊಟ್ಟಿ ತಿರುವಿ ಹಾಕಿದಳು. "ಕರ್ಕಂಡು ಬಾ. ನೋಡ್ಲಿ. ಆಮೇಲೆ ಬೈದ್ರೆ ಬೈಸ್ಕಳಾಣ."

ನಾನು ಅಷ್ಟು ದಿನ ಎರಡೇ ದಾರಿ ಇದೆ ಎಂದುಕೊಂಡಿದ್ದೆ: ಹಳ್ಳವನ್ನು ನಕ್ಷೆಯಿಂದ ಬಿಟ್ಟು ಕಳಿಸುವುದು, ಇಲ್ಲವೇ ಅವರಿಗೆ ಹೇಳದೆ ಇಟ್ಟು ಕಳಿಸುವುದು. ಮೊದಲು ಅವರಿಗೇ ತೋರಿಸುವುದು ಎಂಬುದು ಹೊಳೆದೇ ಇರಲಿಲ್ಲ. ಅಲ್ಲ, ಹೊಳೆದಿತ್ತು, ಆ ಯೋಚನೆ ಬಂದಾಗಲೆಲ್ಲ ಪಕ್ಕಕ್ಕೆ ಸರಿಸಿದ್ದೆ. ಹಬ್ಬ ಮುಗಿಸಿಕೊಂಡು ಬೆಂಗಳೂರಿಗೆ ಹೋದವಳೇ ನಕ್ಷೆಯನ್ನು ಪೂರ್ತಿಯಾಗಿ, ಹೊರಕೆರೆದೇವಪುರದ ಹಳ್ಳದ ಆಚೆಯವರೆಗೂ ಬರೆದು, ಸ್ಲೈಡಿನ ಜೊತೆ ಗುರುಗಳ ಮೇಜಿನ ಮೇಲಿಟ್ಟೆ.

ಅವರು ಬಹಳ ಹೊತ್ತು ನೋಡಿದರು. ಬಾಣಗಳ ಮೇಲೆ ಪೆನ್ಸಿಲ್ಲಿನ ಹಿಂಬದಿ ಆಡಿಸಿದರು. ಹಳ್ಳದ ಹತ್ತಿರ ಬಂದು ಪೆನ್ಸಿಲ್ ನಿಂತಿತು.

"ಇದು ನನ್ನ ಪ್ರಬಂಧಕ್ಕೆ ವಿರುದ್ಧ ಇದೆ."

"ಹೌದು ಸರ್."

"ಗೊತ್ತಿದ್ದೇ ಬರೆದೆಯಾ?"

"ಗೊತ್ತಿದ್ದೇ ಸರ್. ಕಳಿಸೋದಕ್ಕೆ ಮುಂಚೆ ನೀವು ಆ ಜಾಗ ನೋಡಬೇಕು ಅಂತ."

ಅವರು ನಕ್ಷೆ ಸುತ್ತಿ ಕೈಗೆ ಕೊಟ್ಟು, ತರಗತಿಗೆ ಹೊತ್ತಾಯಿತು ಎಂದು ಎದ್ದರು. ಆಮೇಲೆ ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ಕಾರಿಡಾರಿನಲ್ಲಿ ಎದುರಾದರೆ ತಲೆಯಾಡಿಸಿ ಹೋಗುತ್ತಿದ್ದರು. ಅರ್ಜಿ ಕೈಬಿಟ್ಟುಹೋದ ಹಾಗೆಯೇ ಎಂದುಕೊಂಡೆ. ಊಟ ಸೇರುತ್ತಿರಲಿಲ್ಲ. ಐದನೆಯ ದಿನ ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತು, "ಶನಿವಾರ ಬೆಳಗಿನ ಬಸ್ಸಿಗೆ ಬರ್ತೀನಿ. ಹೊರಕೆರೆದೇವಪುರದಲ್ಲಿ ಕಾದಿರು" ಎಂದಷ್ಟೇ ಹೇಳಿ ಹೋದರು.

ನಾನೂ ದೊಡ್ಡಮ್ಮನೂ ಮೊದಲೇ ಹೋಗಿ ಬಸ್ ನಿಲ್ಲುವ ಜಾಗದಲ್ಲಿ ಕಾದೆವು. ಅವರು ಕ್ಯಾನ್ವಾಸ್ ಷೂ, ಹೆಗಲಿಗೆ ಚೀಲ, ಕೊರಳಲ್ಲಿ ದಾರಕ್ಕೆ ಕಟ್ಟಿದ ಲೆನ್ಸ್ ಹಾಕಿಕೊಂಡು ಇಳಿದರು. ದೊಡ್ಡಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬರ್ರಿ ಮೇಷ್ಟ್ರೇ. ಮೊದ್ಲು ಉಪ್ಪಿಟ್ಟು ತಿನ್ರಿ, ಬಾಳ ದೂರ ನಡೀಬೇಕು" ಎಂದಳು. ಅವರು ಮರುಮಾತಿಲ್ಲದೆ ಹೋಟೆಲಿನ ಬೆಂಚಿನ ಮೇಲೆ ಕೂತು ತಿಂದರು.

ಹಳ್ಳಕ್ಕಿಳಿದ ಮೇಲೆ ಅವರು ಬೇರೆಯೇ ಮನುಷ್ಯರಾದರು. ವಿಭಾಗದಲ್ಲಿದ್ದ ಬಿಗುವು ಎಲ್ಲಿ ಹೋಯಿತೋ. ಹಸಿರು ಉಂಡೆಯ ಅರ್ಧ ಇನ್ನೂ ಶಿಲೆಯಲ್ಲೇ ಕೂತಿತ್ತು. ಅದರ ಮುಂದೆ ಮಂಡಿಯೂರಿದರು. ಹಳ್ಳದ ಉದ್ದಕ್ಕೂ ತೆವಳಿಕೊಂಡೇ ಹೋಗಿ ಇನ್ನೊಂದನ್ನು, ಆಮೇಲೆ ಮತ್ತೊಂದನ್ನು ಅವರೇ ಕಂಡುಹಿಡಿದರು. ನನ್ನ ಕಣ್ಣಿಗೆ ಬೀಳದೆ ಹೋದವು ಅವು. ಮಧ್ಯಾಹ್ನದ ನಂತರ ಹಳ್ಳದ ಪೂರ್ವಕ್ಕಿದ್ದ ಲಾವಾದ ಗುಡ್ಡ ಹತ್ತಿದೆವು. ಪ್ರತಿ ದಿಂಬಿನ ಮುಂದೆಯೂ ಮೊದಲು ನನ್ನನ್ನು ಹೇಳಿಸಿ, ಆಮೇಲೆ ತಾವು ನೋಡಿದರು. ದೊಡ್ಡಮ್ಮ ಬೇವಿನ ನೆರಳಲ್ಲಿ ಕೂತು ನಮ್ಮಿಬ್ಬರನ್ನೂ ನೋಡುತ್ತಿದ್ದಳು.

ಬಿಸಿಲು ಇಳಿಯುವ ಹೊತ್ತಿಗೆ ಅವರು ಒಂದು ಬಂಡೆಯ ಮೇಲೆ ಕೂತು ಷೂ ಬಿಚ್ಚಿ ಕಲ್ಲು ಕೊಡವಿದರು.

"ನಿನ್ನ ಬಾಣಗಳು ಸರಿಯಾಗಿವೆ" ಎಂದರು. "ಆ ಉಂಡೆಯೂ ಲಾವಾವೇ. ಆದರೆ ಯಾವ ಲಾವಾ? ಇದಕ್ಕಿಂತ ಹಳೇದು ಇನ್ನೊಂದು ಎಲ್ಲೋ ಇದ್ದು, ಅದರಿಂದ ಬಂದಿರಬಹುದು. ದಿಂಬುಗಳು ಪದರ ಮಡಚಿಕೊಂಡು ಮಗುಚಿದ ಮಗ್ಗುಲಲ್ಲಿದ್ದು, ಬೆನ್ನು ಇಲ್ಲಿ ಮಾತ್ರ ಪಶ್ಚಿಮಕ್ಕೆ ತಿರುಗಿರಬಹುದು. ಅದನ್ನ ನೀನು ಅಲ್ಲ ಅಂತ ತೋರಿಸಿಲ್ಲ."

"ಇಲ್ಲ ಸರ್. ತೋರಿಸಿಲ್ಲ."

"ಹಾಗಾದರೆ ನಿನ್ನ ತೀರ್ಮಾನವನ್ನ ನಾನು ಒಪ್ಪೋದಿಲ್ಲ."

ಅವರು ಷೂ ಹಾಕಿಕೊಂಡು ದಾರ ಕಟ್ಟಿದರು.

"ನಕ್ಷೆಯಲ್ಲಿ ಒಂದು ಗೆರೇನೂ ಅಳಿಸಬೇಡ. ಇದ್ದ ಹಾಗೇ ಕಳಿಸು. ಶಿಫಾರಸಿನಲ್ಲಿ ಎರಡನ್ನೂ ಬರೀತೀನಿ. ನಕ್ಷೆ ಸರಿಯಾಗಿದೆ, ನಾನೇ ನಡೆದು ನೋಡಿದೆ ಅಂತ. ತೀರ್ಮಾನಕ್ಕೆ ನನ್ನ ಒಪ್ಪಿಗೆ ಇಲ್ಲ, ಆದರೂ ಈ ಹುಡುಗಿಯನ್ನ ತಗೊಳ್ಳಿ ಅಂತ." ಸ್ವಲ್ಪ ತಡೆದು ಸೇರಿಸಿದರು: "ನಾಲ್ಕು ದಿನ ನಾನು ಮಾತಾಡಲಿಲ್ಲ. ನನ್ನ ಹಳೇ ಟಿಪ್ಪಣಿ ತೆಗೆದು ನೋಡ್ತಿದ್ದೆ. ಈ ಹಳ್ಳಕ್ಕೆ ಆಗ ಇಳಿದಿರಲಿಲ್ಲ. ಮಳೆ ಬಂದು ನೀರು ತುಂಬಿತ್ತು."

ನಾನು ಸುತ್ತಿಗೆ, ದಿಕ್ಸೂಚಿಗಳನ್ನು ಚೀಲಕ್ಕೆ ಹಾಕಿಕೊಂಡೆ. ಅವರು ಮುಂದೆ ಇಳಿದು ಹೋಗುತ್ತಿದ್ದಾಗ ದೊಡ್ಡಮ್ಮ ನನ್ನ ಸೆರಗು ಜಗ್ಗಿದಳು.

"ಏನಂದ್ರು? ಬೈದ್ರಾ?"

"ಇಲ್ಲ ದೊಡ್ಡಮ್ಮ. ನೀನು ಹೇಳೋದು ಒಪ್ಪಲ್ಲ ಅಂದ್ರು. ಕಳಿಸು ಅಂದ್ರು."

"ಇದ್ಯಾವ ಹೇಳಿಕೆಯೋ" ಎಂದು ಅವಳು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡಳು. "ಕಳ್ಸು ಅಂದ್ರಲ್ಲ, ಅಷ್ಟು ಸಾಕು. ನಡಿ, ಬಸ್ಸು ತಪ್ತೈತೆ."

ಗುರುಗಳು ಶಿಫಾರಸನ್ನು ಬೆಂಗಳೂರಿನಿಂದಲೇ ನೇರವಾಗಿ ಕಳಿಸುವುದೆಂದು ಹೊರಟರು. ನಾನು ಮಾರನೆಯ ದಿನ ದೊಡ್ಡಮ್ಮನನ್ನು ಕರೆದುಕೊಂಡು ಚಿತ್ರದುರ್ಗಕ್ಕೆ ಹೋದೆ. ಅಪ್ಪನ ಪರಿಚಯದವರ ಮನೆಯಲ್ಲಿ ಉಳಿದು ನಕ್ಷೆಗೆ ಶಾಯಿ ಹಾಕಿದೆ. ಟಿಪ್ಪಣಿಯನ್ನು ಟೈಪಿಂಗ್ ಶಾಲೆಯೊಂದರಲ್ಲಿ ಕೂತು ಮಾಡಿಸಿದೆ. ಅದರಲ್ಲಿ ಗುರುಗಳು ಎತ್ತಿದ ಎರಡು ಆಕ್ಷೇಪಗಳನ್ನೂ ಅವರ ಹೆಸರಿನೊಂದಿಗೆ ಸೇರಿಸಿದೆ. ಟೈಪ್ ಮಾಡುತ್ತಿದ್ದವರು ಉಂಡೆಗಲ್ಲಿನ ಇಂಗ್ಲಿಷ್ ಹೆಸರನ್ನು ಪ್ರತಿ ಪುಟದಲ್ಲೂ ಬೇರೆ ಬೇರೆ ರೀತಿ ಹೊಡೆದು, ಮೂರು ಹಾಳೆಗಳನ್ನು ಮತ್ತೆ ಹೊಡೆಯಬೇಕಾಯಿತು. ನಕ್ಷೆಯನ್ನು ತಗಡಿನ ಕೊಳವೆಯಲ್ಲಿ ಸುತ್ತಿಟ್ಟು, ಸ್ಲೈಡನ್ನು ಹತ್ತಿಯಲ್ಲಿ ಸುತ್ತಿ ಪುಟ್ಟ ಡಬ್ಬಿಗೆ ಹಾಕಿ ಅಂಚೆ ಕಚೇರಿಗೆ ಹೋದೆವು.

ಕೌಂಟರಿನಲ್ಲಿದ್ದವರು ಡಬ್ಬಿ ಅಲ್ಲಾಡಿಸಿ ಕೇಳಿದರು. "ಇದ್ರಾಗೆ ಏನೈತಮ್ಮ?"

"ಕಲ್ಲು. ಗಾಜಿಗೆ ಅಂಟಿಸಿದ ಕಲ್ಲು."

"ಕೆನಡಾದಾಗೆ ಕಲ್ಲು ಸಿಗಲ್ವಾ?"

"ಸಿಗ್ತಾವೆ. ಇದು ಹೊಳಲ್ಕೆರೆ ಕಡೇದು."

ಅವರು ನನ್ನನ್ನೊಮ್ಮೆ, ದೊಡ್ಡಮ್ಮನನ್ನೊಮ್ಮೆ ನೋಡಿದರು. "ಕಲ್ಲು ಅಂತ ಬರ್ದ್ರೆ ಮುಂದಿನೋರು ಬಿಚ್ಚಿ ನೋಡ್ತಾರೆ. ಕಾಲೇಜಿನ ಮಾದರಿ ಅಂತ ಬರೀರಿ" ಎಂದು ಚೀಟಿ ಮುಂದೆ ತಳ್ಳಿದರು. ಮೊಹರು ಬಿದ್ದ ಸದ್ದು ಕೇಳಿದ ಮೇಲೆ ಹೊರಗೆ ಬಂದೆವು. ಎದುರಿನ ಅಂಗಡಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಮೆಟ್ಟಿಲ ಮೇಲೇ ಕೂತು ತಿಂದೆವು. ಎಷ್ಟೋ ವಾರಗಳ ನಂತರ ನನಗೆ ಹಸಿವಾಗಿತ್ತು. ದೊಡ್ಡಮ್ಮ ತನ್ನ ಪಾಲಿನದನ್ನೂ ನನ್ನ ಕಡೆ ಸರಿಸಿದಳು.

ಯುಗಾದಿ ಕಳೆದು ಉತ್ತರ ಬಂತು. ಸೇರಿಸಿಕೊಂಡಿದ್ದರು, ವಿದ್ಯಾರ್ಥಿವೇತನವೂ ಸಿಕ್ಕಿತ್ತು. ಶ್ರೀರಾಂಪುರದ ಅಂಚೆಯವರು ಹೊಲಕ್ಕೇ ತಂದುಕೊಟ್ಟಿದ್ದರಂತೆ. ಅಪ್ಪನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಬೇರೆ ಯಾರ ಕೈಲೂ ಓದಿಸದೆ, ಲಕೋಟೆ ಒಡೆಯದೆ ಹಾಗೇ ಜೇಬಿನಲ್ಲಿಟ್ಟುಕೊಂಡು ಬೆಂಗಳೂರಿನ ಹಾಸ್ಟೆಲ್ಲಿಗೆ ಬಂದಿದ್ದ. ನಾನು ಓದಿ ಹೇಳಿದಾಗ, "ಆತು ಬಿಡು" ಎಂದು ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. ಆಮೇಲೆ ಮತ್ತೊಮ್ಮೆ ಓದು ಎಂದ.

ಪಾಸ್‌ಪೋರ್ಟು, ಸಿಡುಬಿನ ಲಸಿಕೆಯ ಪುಸ್ತಕ, ಎದೆಯ ಎಕ್ಸ್‌ರೇ ಎಂದು ಇನ್ನೂ ಎಷ್ಟೋ ಓಡಾಟಗಳಾದವು. ಅವು ಎಲ್ಲರಿಗೂ ಆಗುವಂಥವೇ. ಹೊರಡುವ ಹಿಂದಿನ ವಾರ ಗುರುಗಳನ್ನು ನೋಡಲು ವಿಭಾಗಕ್ಕೆ ಹೋದೆ. ಅವರು ಮೇಜಿನ ಮೇಲೆ ಒಂದು ನಕ್ಷೆ ಹಾಸಿಕೊಂಡು ಕೂತಿದ್ದರು. ಹೊರಕೆರೆದೇವಪುರದ ಹಳ್ಳದ ಉತ್ತರಕ್ಕೆ ಹೊಸ ಗುರುತುಗಳಿದ್ದವು. ನನಗೆ ಹೇಳದೆ ಅವರೊಬ್ಬರೇ ಮತ್ತೆ ಎರಡು ಸಲ ಹೋಗಿ ಬಂದಿದ್ದರು.

"ಹಳೇ ಲಾವಾ ಸಿಕ್ಕಿತಾ ಸರ್?" ಎಂದು ಕೇಳಿದೆ.

"ಇನ್ನೂ ಇಲ್ಲ. ಹುಡುಕ್ತಾ ಇದ್ದೀನಿ. ಸಿಕ್ಕಿದ ದಿನ ನಿನ್ನ ನಕ್ಷೆಗೆ ಉತ್ತರ ಬರೆದು ಪ್ರಕಟಿಸ್ತೀನಿ."

"ಸಿಗದಿದ್ದರೆ?"

"ಸಿಗಲಿಲ್ಲ ಅಂತ ಪ್ರಕಟಿಸ್ತೀನಿ" ಎಂದು ಅವರು ಎದುರಿನ ಕುರ್ಚಿ ತೋರಿಸಿದರು. "ಕೂತ್ಕೋ. ಆ ಎರಡನೇ ಗುಡ್ಡದ ದಿಂಬು ನೀನು ಹೇಗೆ ಓದಿದೆ ಅಂತ ಇನ್ನೊಂದು ಸಲ ಹೇಳು."

ನಾನು ಕುರ್ಚಿ ಎಳೆದುಕೊಂಡು ಕೂತೆ. ಬೀಳ್ಕೊಡುಗೆಗೆಂದು ಬಂದವಳು ಸಂಜೆ ಜವಾನರು ಬಂದು ಬೀಗ ಹಾಕಬೇಕು ಎನ್ನುವವರೆಗೂ ಅವರ ಜೊತೆ ವಾದ ಮಾಡುತ್ತಿದ್ದೆ.